ಅಪ್ಪನ ಕಾರಿನ ಪಾಲು

“ಅಪ್ಪನ ಕಾರು ಮುಟ್ಟಿದ್ರೆ ಕೈ ಮುರುದಾಕ್ಬುಡ್ತೀನಿ, ಅಣ್ಣ ಅಂತ ನೋಡಾಕಿಲ್ಲ!”

ದೇವರಾಜ್ ಸ್ಪ್ಯಾನರನ್ನು ನೆಲಕ್ಕೆ ಬೀಸಿ ಒಗೆದ. ಚನ್ನರಾಯಪಟ್ಟಣದ ಆ ಗ್ಯಾರೇಜು ಅವನ ಅಣ್ಣ ಚನ್ನಪ್ಪನದು. ಚನ್ನಪ್ಪ ಕೈಗೆ ಹತ್ತಿದ್ದ ಗ್ರೀಸನ್ನು ನಿಧಾನವಾಗಿ ಬಟ್ಟೆಗೆ ಒರೆಸಿಕೊಂಡ.

“ಎರಡು ವರ್ಸ ಮೈ ಬಗ್ಸಿ ಕಟ್ಟಿದೋನು ನಾನು. ಆಸನದ ಪ್ಯಾಟೇಲಿ ಟೈಲ್ಸ್ ಮಾರ್ಕೊಂಡು ಫೋನಲ್ಲಿ ಬೊಗುಳ್ದೋನು ನೀನು. ಒಂದು ಮಾತು ಕೇಳ್ಕೊ, ಅಪ್ಪನ ಕಾರು ಈ ಜಾಗ ಬಿಟ್ಟು ಓಗಾಕಿಲ್ಲ.”

ಅರಕಲಗೂಡಿನ ಸಾಹುಕಾರರೊಬ್ಬರಿಂದ ಅಪ್ಪ ಕೊಂಡಿದ್ದ ವಿಲಾಯಿತಿ ಗಾಡಿ ಅದು. ಎರಡೇ ಬಾಗಿಲು, ಉದ್ದನೆಯ ಮೂತಿ, ಚರ್ಮದ ಸೀಟು. ದೂರದೂರಿಗೆ ಸುಖವಾಗಿ, ಜೋರಾಗಿ ಹೋಗಲೆಂದು ಐವತ್ತೈದು ವರ್ಷದ ಹಿಂದೆ ಮಾಡಿದ್ದು. ಅಪ್ಪ ತೀರಿಕೊಂಡ ಮೇಲೆ ಹಳೆಯ ಕಾರುಗಳ ರೇಸಿಗೆ ಅದನ್ನು ಇಳಿಸುವ ಹಟ ದೇವರಾಜನಿಗೆ ಹತ್ತಿತು. ಅಪ್ಪನ ಕಾರಿನಲ್ಲೇ ಗೆಲ್ಲುತ್ತೇನೆಂದು ಹಾಸನ ತುಂಬಾ ಸಾರಿಕೊಂಡು ಬಂದಿದ್ದ.

ರೇಸಿಗೆ ಗಾಡಿ ಹಗುರವಾಗಬೇಕು. ದೇವರಾಜ್ ವಾರಕ್ಕೊಂದು ಹುಕುಂ ಕಳಿಸಿದ. ಸೀಟು ಕಿತ್ತಾಕು. ತಗಡು ಭಾರ, ಫೈಬರಿಂದು ಮಾಡ್ಸು. ಎಂಜಿನ್ ಮುದಿಯಾಯ್ತು, ಬೇರೆ ಇಳಿಸು. ಚನ್ನಪ್ಪ ಬೇಡವೆಂದದ್ದು ಒಂದೇ ಒಂದು ಸಲ, ಇಡೀ ಗಾಡಿಯನ್ನು ಹೊತ್ತ ಅಡಿಗಟ್ಟು, ಆ ಚಾಸಿಯನ್ನೇ ಬದಲಿಸೆಂದಾಗ.

“ತುಕ್ಕು ಇಡಿದಿದ್ದನ್ನ ಮಡಿಕ್ಕೊಂಡು ಪೂಜೆ ಮಾಡ್ತೀಯೇನ್ಲಾ? ಎಸಿ ಆಚಿಗೆ!” ಎಂದು ದೇವರಾಜ್ ಫೋನ್ ಕುಕ್ಕಿದ್ದ.

ಈಗ ಪಂಚಾಯ್ತಿಗೆ ಬಾಗೂರಿನಿಂದ ಸೋದರತ್ತೆ ಕಮಲಾಕ್ಷಮ್ಮ ಬಂದಿದ್ದಳು. ಇಬ್ಬರ ಕೂಗಾಟಕ್ಕೆ ಅವಳಿಗೂ ರೇಗಿತು.

“ಮುಚ್ರೋ ಬಾಯ! ದೊಡ್ಡೋನು ಎರಡು ಪಾಲು ಮಾಡ್ಲಿ, ಚಿಕ್ಕೋನು ಮೊದ್ಲು ಆರಿಸ್ಕೊಳ್ಲಿ. ನಮ್ಮನೇಲಿ ಒಲ ಅಂಚಿದ್ದೂ ಇಂಗೇ, ಕೊಡ ಅಂಚಿದ್ದೂ ಇಂಗೇ.”

ಚನ್ನಪ್ಪ ಸೀಮೆಸುಣ್ಣದಲ್ಲಿ ನೆಲಕ್ಕೆ ಗೀಟು ಎಳೆದ. ಈಚೆಗೆ ಕೆಂಪಗೆ ಹೊಳೆಯುವ ರೇಸು ಕಾರು. ಆಚೆಗೆ ಕಿತ್ತ ಸೀಟು, ಬಾಗಿಲು, ತಗಡು, ಗೋಣಿ ಹೊದಿಸಿದ ಎಂಜಿನ್ನು, ಹಿತ್ತಲಲ್ಲಿ ಕುಂಬಳದ ಬಳ್ಳಿ ಹಬ್ಬಿದ್ದ ಹಳೆಯ ಚಾಸಿ.

“ಇದ್ಯಾವ ಸೀಮೆ ಪಾಲ್ಲಾ ಚನ್ನ? ತಲೆ ಕೆಟ್ಟೈತಾ?” ಅತ್ತೆ ಹಣೆ ಚಚ್ಚಿಕೊಂಡಳು.

ದೇವರಾಜ್ ಆಗಲೇ ಕಾರಿನ ಮೇಲೆ ಕೈಯಿಟ್ಟಾಗಿತ್ತು. ಅಣ್ಣ ನಾಳೆ ಮಾತು ತಿರುಗಿಸಿದರೆ? ತಾನೇ ಕಾಗದ ಬರೆದ: ಆಚೆ ಪಾಲಿನದು ಯಾವುದನ್ನೂ ನಾನು ಎಂದೂ ಕೇಳತಕ್ಕದ್ದಲ್ಲ, ಈಚೆಯದನ್ನು ಅಣ್ಣ ಕೇಳತಕ್ಕದ್ದಲ್ಲ. ಚನ್ನಪ್ಪ ಎರಡು ಸಲ ಓದಿ ರುಜು ಹಾಕಿದ.

“ಸರ್ಯಾಗಿ ನೋಡೇ ಆರಿಸ್ಕೊಂಡ್ಯಾ? ಅಪ್ಪ ಕೂತಿದ್ದ ಸೀಟು ಆ ಕಡೆ ಐತೆ.”

“ಗುಜರಿಯೋನು ಬರೋಗಂಟ ನೀನೇ ಕೂತ್ಕೊ ಅದ್ರಲ್ಲಿ!”

ಕಾರು ಲಾರಿಗೆ ಏರಿತು. ಹೋಗುವಾಗ ದೇವರಾಜ್ ಬೇಕೆಂದೇ ಹಿತ್ತಲ ಚಾಸಿಗೆ ಒದ್ದ. ಕುಂಬಳಕಾಯೊಂದು ಕಳಚಿ ಉರುಳಿತು.

“ಇನ್ನು ನಿನ್ನ ಬಾಗ್ಲು ತುಳುದ್ರೆ ನನ್ನ ಎಸ್ರು ದೇವರಾಜನೇ ಅಲ್ಲ!”

ತಿಂಗಳಾದ ಮೇಲೆ, ಕೊಯಮತ್ತೂರಿನ ರೇಸು ಮೈದಾನ. ಸಾಲಾಗಿ ನಿಂತ ಹಳೆಯ ಕಾರುಗಳನ್ನು ತಪಾಸಣೆ ಮಾಡುತ್ತಿದ್ದವಳು ರಂಜಿತಾ ಎಂಬ ಕನ್ನಡದ ಹುಡುಗಿ.

“ಎಂಜಿನ್ ಹೊಸದು, ಬಾಡಿ ಹೊಸದು. ಪರವಾಗಿಲ್ಲ ಸರ್, ತುಂಬಾ ಜನ ಹಾಕಿಸ್ತಾರೆ. ಚಾಸಿ ನಂಬರ್ ಒಂದು ತೋರಿಸಿಬಿಡಿ. ಗಾಡಿ ಯಾವ ವರ್ಷದ್ದು ಅಂತ ನಾವು ನೋಡೋದು ಅದರಲ್ಲೇ.”

ದೇವರಾಜ್ ಅಪ್ಪನ ಆರ್‌ಸಿ ಪುಸ್ತಕ ಹಿಡಿದು ನಿಂತ. ಅವಳು ಟಾರ್ಚು ಬಿಟ್ಟುಕೊಂಡು ಗಾಡಿಯ ಅಡಿಗೆ ನುಸುಳಿ ಬಣ್ಣ ಕೆರೆದಳು. ನಂಬರ್ ಇರಲಿಲ್ಲ. ವೆಲ್ಡಿಂಗಿನಲ್ಲಿ ಬರೆದ ಉಬ್ಬಕ್ಷರ ಇತ್ತು: ಚನ್ನಪ್ಪ ಗ್ಯಾರೇಜ್, ೨೦೨೪.

“ಈ ಗಾಡಿಗೆ ಇನ್ನೂ ಎರಡು ವರ್ಷವೂ ತುಂಬಿಲ್ಲ ಸರ್,” ರಂಜಿತಾ ಮಂಡಿಯ ಧೂಳು ಕೊಡವಿಕೊಂಡಳು. “ನಿಮ್ಮಪ್ಪನ ಕಾರು ಎಲ್ಲಿ?”

“ಕುಂಬಳದ ಬಳ್ಳಿ ಕೆಳ್ಗೆ,” ಎಂದ ದೇವರಾಜ್, ಹೆಲ್ಮೆಟ್ಟನ್ನು ಬಾನೆಟ್ಟಿನ ಮೇಲಿಟ್ಟು ಗೇಟು ದಾಟಿ ಹೋದವನು ಆ ಕೆಂಪು ಕಾರಿಗಾಗಿ ತಿರುಗಿ ಬರಲೇ ಇಲ್ಲ.