ನಿವಾಳಿಸಿದ ಉಪ್ಪು

ಮೀನಿನ ಟ್ಯಾಂಕಿನ ಮೇಲೆ ಇನ್ನೇನು ಬಿಚ್ಚಿಕೊಳ್ಳಲಿದ್ದ ಮುಷ್ಟಿಯನ್ನು ನಂದಿತಾ ಗಪ್ಪನೆ ಹಿಡಿದಳು. ಅತ್ತೆ ಶಕುಂತಲಮ್ಮನ ಬೆರಳ ಸಂದಿಯಿಂದ ಎರಡು ಹರಳು ಕಲ್ಲುಪ್ಪು ನೀರಿಗೆ ಉದುರಿದವು.

"ಬಿಡೇ ಕೈನ! ದೃಷ್ಟಿ ತೆಗೀತಿದೀನಿ. ಕಣ್ಣು ಬೀಳ್ದೆ ಮೀನಿನ ಮೈಮೇಲೆ ಬಿಳಿ ಚುಕ್ಕೆ ಏಳ್ತವಾ? ನಿವಾಳಿಸಿದ ಉಪ್ಪು ನೀರಲ್ಲೇ ಕರಗ್ಬೇಕು."

"ದಿನಾ ಹಾಕ್ತಿದ್ರಾ?"

"ದಿನಾ. ನೀನು ಸ್ನಾನಕ್ಕೆ ಹೋದಾಗ."

ಆ ಚುಕ್ಕೆಗಳು ಕಡಲ ಮೀನಿಗೆ ಅಂಟುವ ಹುಳು. ನೀರಿನ ಉಪ್ಪು ಇಳಿದರೆ ಹುಳು ಸಾಯುತ್ತದೆ, ಮೀನು ಉಳಿಯುತ್ತದೆ. ಅದಕ್ಕೇ ನಂದಿತಾ ಹತ್ತು ದಿನದಿಂದ ಎರಡೆರಡು ಚೊಂಬು ಉಪ್ಪುನೀರು ತೆಗೆದು ಅಷ್ಟೇ ಸಿಹಿನೀರು ಹಾಕುತ್ತಿದ್ದಳು. ಆದರೂ, ಉಪ್ಪು ಇಳಿದಷ್ಟೂ ಆಳಕ್ಕೆ ಮುಳುಗಬೇಕಿದ್ದ ಗಾಜಿನ ಅಳತೆಕಡ್ಡಿ ಒಂದು ಗೆರೆಯೂ ಮುಳುಗಿರಲಿಲ್ಲ. ಮೂರು ಮೀನುಗಳಲ್ಲಿ ಎರಡು ಸತ್ತಿದ್ದವು.

"ನೀವೇ ಕೊಂದ್ರಿ ಅವನ್ನ."

"ನಾನಾ? ನಮ್ಮೂರು ಹಾಗಲವಾಡೀಲಿ ಎಮ್ಮೆಗೂ ಉಪ್ಪು ತಿನ್ನಿಸ್ತಿದ್ವಿ ಕಣೇ. ನೀನು ಬಿಪಿ ಅಂತ ನನ್ನ ಸಾರಿಗೆ ಉಪ್ಪು ನಿಲ್ಲಿಸ್ದೆ, ಈಗ ಮೀನಿಗೂ ನಿಲ್ಲಿಸಿದೀಯ. ನಾನೇನು ಸುಮ್ನಿದೀನಿ ಅನ್ಕೊಂಡ್ಯಾ?"

ಶಕುಂತಲಮ್ಮ ಇನ್ನೊಂದು ಕೈಯಿಂದ ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದರಲ್ಲೂ ಕಲ್ಲುಪ್ಪು. ಸೊಸೆಯನ್ನೇ ದಿಟ್ಟಿಸುತ್ತ ಒಂದು ಹರಳನ್ನು ಬಾಯಿಗೆ ಹಾಕಿಕೊಂಡು, ಅಭ್ಯಾಸವಾದವಳಂತೆ ಚೀಪಿದಳು.

ಹೋದ ವಾರ ಡಾಕ್ಟರು ಅತ್ತೆಯ ಮಾತ್ರೆಯನ್ನು ಯಾಕೆ ಹೆಚ್ಚಿಸಿದರೆಂದು ನಂದಿತಾಗೆ ಈಗ ಗೊತ್ತಾಯಿತು. ಹಿಡಿದಿದ್ದ ಮುಷ್ಟಿಯನ್ನು ಟ್ಯಾಂಕಿನಿಂದ ಆಚೆಗೆ ಎಳೆದಳು. ಮತ್ತೊಂದು ಹರಳಿನೊಂದಿಗೆ ಬಾಯಿಗೆ ಹೋಗುತ್ತಿದ್ದ ಇನ್ನೊಂದು ಕೈಯನ್ನು ಮಾತ್ರ ಹಿಡಿಯಲಿಲ್ಲ.