ಕಳ್ಳ ಕುಬಸದ ಹಸಿರು ಸೀರೆ

ಗದಗಿನ ಆ ಮನೆಯಲ್ಲಿ ದಿನಾ ದೇವರಿಗೆ ದೀಪ ಹಚ್ಚುವವಳು ಸೊಸೆ ಅನ್ನಪೂರ್ಣಾ. ಅವಳು ಮುಟ್ಟಾದ ದಿನಗಳಲ್ಲಿ ಮಾತ್ರ ಅತ್ತೆ ನೀಲವ್ವ ಹಚ್ಚುತ್ತಿದ್ದರು.

ಈಗ ಎರಡು-ಮೂರು ತಿಂಗಳಿಂದ ಸೊಸೆಯೇ ಹಚ್ಚುತ್ತಿದ್ದಾಳೆ... ಒಂದು ದಿನವೂ ತಪ್ಪಿಲ್ಲ!

ಅತ್ತೆಯ ಕಣ್ಣು ಬಿಡುತ್ತದೆಯೇ? ಸಿಸಿ ಕ್ಯಾಮೆರಾ ಬೇಕಾದರೂ ತಪ್ಪಿಸಬಹುದು, ಅತ್ತೆಯ ಕಣ್ಣು ತಪ್ಪಿಸುವುದು ಯಾರಿಂದಲೂ ಆಗದ ಮಾತು.

ಮದುವೆಯಾಗಿ ಹನ್ನೆರಡು ವರ್ಷ... ಮಕ್ಕಳಿಲ್ಲ. ಆಸ್ಪತ್ರೆ, ಹರಕೆ, ಉಪವಾಸ ಎಲ್ಲ ಮುಗಿದಿತ್ತು. ಅಂತೂ ದೇವರು ಕಣ್ಣು ತೆರೆದ ಎಂದು ನೀಲವ್ವ ಒಳಗೊಳಗೇ ಹಿಗ್ಗಿದರು.

ಆದರೆ ಬಾಯಿ ಬಿಟ್ಟು ಕೇಳಲಿಲ್ಲ. ಮೊದಲ ತಿಂಗಳುಗಳಲ್ಲಿ ಬಸುರಿನ ಸುದ್ದಿ ಆಡಿದರೆ ದೃಷ್ಟಿ ತಾಗುತ್ತದೆ ಎಂಬ ಹೆದರಿಕೆ ಅವರಿಗೆ.

ಕೇಳುವ ಬದಲು ತಟ್ಟೆಗೆ ತುಪ್ಪ ಹೆಚ್ಚು ಬಿತ್ತು. ನೀರಿನ ಕೊಡ ಮುಟ್ಟಲು ಬಿಡಲಿಲ್ಲ. "ನೀ ಕುಂದರು, ನಾ ರೊಟ್ಟಿ ಬಡೀತೀನಿ" ಎಂಬ ಮಾತು ದಿನಾ...

ಅನ್ನಪೂರ್ಣಾಗೆ ಎಲ್ಲ ಅರ್ಥವಾಗುತ್ತಿತ್ತು. ಅವಳು ಕದ್ದು ಟೆಸ್ಟ್ ಮಾಡಿಕೊಂಡಿದ್ದಳು. ಬಸುರಿ ಅಲ್ಲ.

ಹಾಗಾದರೆ ಮುಟ್ಟು ಯಾಕೆ ನಿಂತಿದೆ? ಮಲಗಿದಲ್ಲೇ ಮೈಯೆಲ್ಲ ಕಾದು ಬೆವರುವುದು ಯಾಕೆ?

ಅತ್ತೆಗೆ ಹೇಳದೆ ಆಸ್ಪತ್ರೆಗೆ ಹೋದಳು. ಎರಡನೇ ಸಲದ ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿ ಡಾಕ್ಟರ್ ಮೆತ್ತಗೆ ಹೇಳಿದರು... "ನಿಮಗ ಮುಟ್ಟು ವಯಸ್ಸಿಗಿಂತ ಮೊದಲ ನಿಲ್ಲಾಕತ್ತೈತ್ರಿ. ಕೆಲವೊಬ್ಬರಿಗೆ ಹಿಂಗ ಆಗತೈತಿ, ನಿಮ್ಮ ತಪ್ಪಲ್ಲ. ಎಲುಬು ಸವೆಯಬಾರದು, ಅದಕ್ಕ ಔಷಧ ಕೊಡತೀನಿ."

"ಮತ್ತ... ಮಕ್ಕಳು?"

"ತಾನಾಗೇ ಆಗೂದು ಭಾಳ ಕಡಿಮಿ ರೀ..."

ಬಸ್ ಕಂಡಕ್ಟರ್ ಗಂಡ ಬಸವಂತ ಡ್ಯೂಟಿಯಲ್ಲಿದ್ದ. ಫೋನಿನಲ್ಲಿ ವಿಷಯ ಕೇಳಿ, "ನೀ ಆರಾಮ ಇದ್ದರ ನನಗ ಅಷ್ಟ ಸಾಕು. ಅವ್ವಗ ನಾ ಬಂದ ಮ್ಯಾಲೆ ಹೇಳೂಣು" ಎಂದ.

ಆದರೆ ಅನ್ನಪೂರ್ಣಾ ಮನೆಗೆ ಬಂದರೆ... ನೀಲವ್ವ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿ ಚಿಲಕ ಜಡಿದರು!

ಕಂಬಳಿ ಹಾಸಿತ್ತು. ಅದರ ಮುಂದೆ ಹಸಿರು ಸೀರೆ, ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ...

ಕಳ್ಳ ಕುಬಸ! ಊರಿಗೆಲ್ಲ ಹೇಳಿ ಸೀಮಂತ ಮಾಡುವ ಮೊದಲು, ಯಾರಿಗೂ ಗೊತ್ತಾಗದಂತೆ ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರ. ಅದು ತವರಿನವರ ಕೆಲಸ. ಅನ್ನಪೂರ್ಣಾಗೆ ತಾಯಿ ಇಲ್ಲವೆಂದು ಅತ್ತೆಯೇ ಆ ಜಾಗದಲ್ಲಿ ನಿಂತಿದ್ದರು.

ಅನ್ನಪೂರ್ಣಾ ಆ ಸೀರೆಯನ್ನೇ ನೋಡಿದಳು. ಈ ಪ್ರೀತಿಯೆಲ್ಲ ಹುಟ್ಟದ ಕೂಸಿನ ಪಾಲಿನದು, ನಿಜ ಹೇಳಿದರೆ ಇವತ್ತಿಗೇ ಮುಗಿಯಿತು... ಆದರೂ ಸುಳ್ಳಿನ ಉಡಿ ತುಂಬಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

"ಅತ್ತಿ... ನಾ ಬಸುರಿ ಅಲ್ಲ. ಮುಟ್ಟು ನಿಂತ ಹೊಂಟೈತಂತ. ಇನ್ನ ಕೂಸು ಆಗೂದು ಅನುಮಾನ..."

ನೀಲವ್ವ ಕಂಬಳಿಯ ಅಂಚಿಗೆ ಕುಸಿದು ಕೂತರು. ಅನ್ನಪೂರ್ಣಾ ಅಳುತ್ತಲೇ ಸೀರೆಯನ್ನು ಎತ್ತಿಡಲು ಹೋದಳು.

ಅತ್ತೆ ಅವಳ ಕೈ ಹಿಡಿದರು. ಬೈಗುಳಕ್ಕೆ ಅವಳು ತಯಾರಾಗಿದ್ದಳು... ಬಂದದ್ದು ಒಂದು ಪ್ರಶ್ನೆ.

"ರಾತ್ರಿ ಮೈ ಸುಡತೈತೇನ ತಂಗಿ?"

ಅನ್ನಪೂರ್ಣಾ ತಲೆಯಾಡಿಸಿದಳು.

"ಸಣ್ಣ ಮಾತಿಗೂ ಸಿಟ್ಟು ಬರತೈತಿ? ಸುಮ್ಮಸುಮ್ಮನ ಅಳು ಬರತೈತಿ?"

"ಹೂಂ..."

"ನೀ ಮದುವಿ ಆಗಿ ಬಂದ ವರ್ಷ ನನಗೂ ಹಿಂಗ ಆಗಿತ್ತವ್ವಾ. ಯಾರ ಮುಂದ ಹೇಳಲಿ? 'ಸೊಸಿ ಬಂದಾಳಂತ ನೀಲವ್ವನ ಬಾಯಿ ಜೋರಾತು' ಅಂದ್ರು ಮಂದಿ. ಏನಾಗೈತಿ ಅಂತ ಒಬ್ಬರೂ ಕೇಳಲಿಲ್ಲ."

ಅತ್ತೆಗೆ ತಾನು ಬೇಡವಾಗಿದ್ದೇನೆ ಎಂದು ಆ ವರ್ಷ ಬಚ್ಚಲಲ್ಲಿ ನಿಂತು ಅತ್ತಿದ್ದಳು ಅನ್ನಪೂರ್ಣಾ... ಆ ಸಿಡುಕಿನ ಹಿಂದೆ ಇಷ್ಟು ಸಂಕಟವಿತ್ತೆಂದು ಗೊತ್ತಾಗಿದ್ದು ಇವತ್ತು. ಇಬ್ಬರೂ ತಬ್ಬಿಕೊಂಡು ಮನಸಾರೆ ಅತ್ತರು.

ಆಮೇಲೆ ನೀಲವ್ವ ಕಣ್ಣೊರೆಸಿಕೊಂಡು ಎದ್ದು ಬಾಗಿಲು ಪೂರ್ತಿ ತೆರೆದರು.

"ಕುಂದರು. ಕೂಸಿನ ಸಲುವಾಗಿ ತಂದದ್ದು ಖರೆ. ಈಗ ನಿನ್ನ ಸಲುವಾಗಿ ಉಡಸತೀನಿ. ಇನ್ನ ಕದ್ದು ಮಾಡೂದೇನೈತಿ?"

ಉಡಿ ತುಂಬುವಾಗ ಅವರು ಕೊಬ್ಬರಿ ಬಟ್ಟಲನ್ನು ಒಂದು ಕ್ಷಣ ಎದೆಗೊತ್ತಿ ಹಿಡಿದರು. ಮೊಮ್ಮಗುವಿನ ಆಸೆ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಲ್ಲವಲ್ಲ...

ಆಗಲೇ ಪಕ್ಕದ ಮನೆಯ ಶಂಕ್ರವ್ವ ಬಾಗಿಲಲ್ಲಿ ಇಣುಕಿದರು. ಹಸಿರು ಸೀರೆ ಕಂಡು ಅವರ ಕಣ್ಣು ಅರಳಿತು.

"ಏನ್ ನೀಲವ್ವಾ, ಸೊಸಿಗೆ ಎಷ್ಟು ತಿಂಗಳಾತು?"

ಅನ್ನಪೂರ್ಣಾ ತಲೆ ತಗ್ಗಿಸಿದಳು. ನೀಲವ್ವ ಅವಳ ಗಲ್ಲ ಹಿಡಿದು ಮುಖ ಮೇಲಕ್ಕೆತ್ತಿದರು.

"ಬಸುರಿಲ್ಲ, ಏನಿಲ್ಲ. ನನ್ನ ಮಗಳಿಗೆ ಆರಾಮಿಲ್ಲ, ಉಡಿ ತುಂಬೀನಿ. ಬಾ, ನೀನೂ ಒಂದೀಟು ಅರಿಷಿಣ ಕುಂಕುಮ ಹಚ್ಚು."

*

ಹೆಣ್ಣಿನ ಉಡಿ ತುಂಬಲು ಅವಳು ಮಗು ಹೆರಲೇಬೇಕೆಂದಿಲ್ಲ... ಅವಳ ನೋವು ಅರಿತ ಒಂದು ಜೀವ ಮನೆಯಲ್ಲಿದ್ದರೆ ಸಾಕು.

ನಿಮ್ಮ ಮನೆಯಲ್ಲೂ ಕಾರಣವಿಲ್ಲದೆ ಸಿಡುಕುವ ಅಮ್ಮನೋ, ಅತ್ತೆಯೋ, ಹೆಂಡತಿಯೋ ಇರಬಹುದು... "ನಿನ್ನ ಮೈಗೆ ಹೇಗಿದೆ?" ಎಂದು ಅವರನ್ನು ಒಂದು ದಿನವಾದರೂ ಕೇಳಿದ್ದೀರಾ?