ಹಗ್ಗದೂಟ

"ಇವತ್ತು ಗಾಡಿ ಹೂತ್ಕೊಳ್ಳಲೇಬೇಕು, ನೆನಪಿದೆ ತಾನೆ?" ದೇವರಮನೆ ಗುಡ್ಡದ ಬುಡದಲ್ಲಿ ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾಗುತ್ತಲೇ ಬುಷ್ರಾ ಗಂಡನನ್ನು ಮತ್ತೊಮ್ಮೆ ಎಚ್ಚರಿಸಿದಳು.

"ನೆನಪಿದೆ ಮಾರಾಯ್ತಿ," ಎಂದ ನವಾಜ್. ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಹೊರಟವನದು.

ಮೂಡಿಗೆರೆ ಸುತ್ತಿನ ಫೋರ್‌ವೀಲ್ ವ್ಯಾನಿನವರದೊಂದು ಗುಂಪಿತ್ತು. ವರ್ಷವಿಡೀ ಕಾಫಿ ಮೂಟೆ, ಗೊಬ್ಬರ, ಆಳುಗಳನ್ನು ಹೊರುವ ಗಾಡಿಗಳನ್ನು, ಮಳೆ ಬಿಟ್ಟು ಹಣ್ಣು ಕೊಯ್ಲು ಶುರುವಾಗುವ ಮೊದಲು ಒಂದು ಭಾನುವಾರ ಚೆನ್ನಾಗಿ ತೊಳೆದು, ಮತ್ತೆ ಕೆಸರು ಮಾಡಿಕೊಂಡು ಬರಲು ಗುಡ್ಡ ಹತ್ತಿಸುತ್ತಿದ್ದರು. ಕಾಫಿ ರೇಟು ನೆಲಕಚ್ಚಿದ್ದ ಈ ವರ್ಷವೂ ತಪ್ಪಿಸಿರಲಿಲ್ಲ. ಗುಂಪಿನ ಕಾನೂನು ಒಂದೇ. ಯಾರ ವ್ಯಾನು ಮೊದಲು ಕೆಸರಿನಲ್ಲಿ ಹೂತು, ಬೇರೆಯವರ ಹಗ್ಗ ಕಟ್ಟಿಸಿಕೊಂಡು ಮೇಲೆ ಬರುತ್ತದೋ ಅವರ ಮನೆಯಲ್ಲಿ ಮುಂದಿನ ಭಾನುವಾರ ಎಲ್ಲರಿಗೂ ಊಟ. ಅದರ ಹೆಸರೇ ಹಗ್ಗದೂಟ. ಎಂಥ ಕೆಲಸವಿದ್ದರೂ ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ನವಾಜ್ ಇಷ್ಟು ವರ್ಷ ಹಗ್ಗ ಕಟ್ಟಿದ್ದನೇ ಹೊರತು ಕಟ್ಟಿಸಿಕೊಂಡಿರಲಿಲ್ಲ. ಹ್ಯಾಂಡ್‌ಪೋಸ್ಟ್ ಎಂಬಲ್ಲಿ ಗ್ಯಾರೇಜು ಇಟ್ಟವನು. ಅವನ ಗಾಡಿಯೇ ಹೂತರೆ ನಾಳೆ ಯಾರು ರಿಪೇರಿಗೆ ಬರುತ್ತಾರೆ ಎಂಬುದು ಅವನ ವಾದ. ಬುಷ್ರಾಳಿಗೆ ಬೇರೆಯೇ ಚಿಂತೆ. ಗುಂಪಿನವರ ಮನೆಯಲ್ಲೆಲ್ಲ ಉಂಡಾಗಿತ್ತು. ಎಸ್ಟೇಟಿನ ಚನ್ನಕೇಶವ ಗೌಡರ ಮನೆಯಲ್ಲಂತೂ ಅವರ ಹೆಂಡತಿ ವಿಮಲಮ್ಮ, ಇವರಿಬ್ಬರೂ ಸಂಕೋಚವಿಲ್ಲದೆ ಉಣ್ಣಲಿ ಎಂದು, ಕೋಳಿ ಕೊಯ್ಯಲು ನವಾಜನನ್ನೇ ಬೆಳಿಗ್ಗೆ ಕರೆಸಿಕೊಂಡಿದ್ದರು. ಆ ಕಡುಬು, ಕೋಳಿಸಾರು ಉಂಡು ಬಂದ ದಿನದಿಂದ ಬುಷ್ರಾಳಿಗೆ ಒಂದೇ ಆಸೆ. ಅಷ್ಟೂ ಜನ ತನ್ನ ಮನೆಯ ಚಾಪೆಯ ಮೇಲೆ ಕೂತು ತನ್ನ ಕೈಯ ತೆಳ್ಳನೆ ಅಕ್ಕಿರೊಟ್ಟಿ ಪತ್ತಿರಿ ತಿನ್ನಬೇಕು.

"ಸುಮ್ನೆ ಕರೆದ್ರೆ ಆಗಲ್ವಾ? ಅದಕ್ಕೆ ಗಾಡಿ ಯಾಕೆ ಹೂಳ್ಬೇಕು?" ನವಾಜ್ ಗೊಣಗಿದ.

"ಕರೆದ್ರೆ, ಇನ್ನೊಂದಿನ ಬರ್ತೀವಿ ಅಂತ ನಗ್ತಾ ಹೇಳ್ಬಹುದು. ಹಗ್ಗದೂಟಕ್ಕೆ ಹಾಗೆ ಹೇಳಕ್ಕಾಗಲ್ಲ."

"ಅವ್ರೆಲ್ಲ ಅಂಥವ್ರಲ್ಲ ಬುಷ್ರಾ. ಅವ್ರ ಮನೇಲಿ ನಮಗೆ ಎಷ್ಟು ಪ್ರೀತಿಯಿಂದ ಬಡಿಸಿದ್ರು."

"ಅವ್ರ ಮನೇಲಿ ನಮಗೆ ಬಡಿಸೋದು ಬೇರೆ, ನಮ್ಮ ಮನೇಲಿ ಕೂತು ಉಣ್ಣೋದು ಬೇರೆ."

ನವಾಜ್ ಗೇರು ಬದಲಿಸಿದ. ಸಾಲಿನ ಮುಂದೆ ಎಂದಿನಂತೆ ಅವನ ವ್ಯಾನೇ ಇತ್ತು. ಮೊದಲ ಜೌಗು ಬಂದಾಗ ಬಿಸ್ಮಿಲ್ಲಾ ಎಂದು ನೇರ ಕೆಸರಿಗೇ ಇಳಿಸಿದ. ಹಿಂದಿನ ಚಕ್ರ ಜಾರಿದ್ದೇ ತಡ, ಕೈ ತನ್ನಷ್ಟಕ್ಕೆ ಸ್ಟೇರಿಂಗ್ ತಿರುಗಿಸಿತು, ಕಾಲು ಹದವಾಗಿ ಆಕ್ಸಿಲರೇಟರ್ ಒತ್ತಿತು. ವ್ಯಾನು ಮದುವೆಮನೆಗೆ ಹೊರಟಂತೆ ಸಲೀಸಾಗಿ ಆಚೆ ದಡ ಹತ್ತಿ ನಿಂತಿತು. ಹಿಂದಿನವರು ಶಿಳ್ಳೆ ಹಾಕಿದರು.

"ಕೈ ನನ್ನ ಮಾತು ಕೇಳಲ್ಲ, ಏನ್ಮಾಡ್ಲಿ?"

"ಸರಿ, ಇನ್ಮೇಲೆ ಕೈ ಜೊತೇಲೇ ಸಂಸಾರ ಮಾಡಿ," ಎಂದಳು ಬುಷ್ರಾ. ಅವಳಿಗೆ ಸಿಟ್ಟೂ ಬಂದಿತ್ತು, ನಗುವೂ ಬಂದಿತ್ತು.

ತುದಿಗೆ ಇನ್ನು ಒಂದೇ ಹೊಂಡ ಬಾಕಿ. ಅದನ್ನು ದಾಟಿದರೆ ಈ ವರ್ಷದ ಆಸೆಯೂ ಮುಗಿದಂತೆ. ಗಂಡನ ಪಕ್ಕ ಕೂತೂ ಕೂತೂ ಬುಷ್ರಾಳಿಗೆ ಗಾಡಿಯ ಗುಟ್ಟು ಒಂದಷ್ಟು ಗೊತ್ತಿತ್ತು. ಗೇರಿನ ಪಕ್ಕದ ಗಿಡ್ಡ ಲಿವರನ್ನು ಹಿಂದಕ್ಕೆಳೆದರೆ ನಾಲ್ಕೂ ಚಕ್ರ ದುಡಿಯುತ್ತವೆ, ಮುಂದಕ್ಕೆ ತಳ್ಳಿದರೆ ಹಿಂದಿನ ಎರಡು ಮಾತ್ರ. ವ್ಯಾನು ಹೊಂಡದ ನಡುವಿಗೆ ಬಂದದ್ದೇ ಅವಳು ಎರಡೂ ಕೈಯಿಂದ ಲಿವರನ್ನು ಮುಂದಕ್ಕೆ ತಳ್ಳಿಬಿಟ್ಟಳು. ಹಿಂದಿನ ಚಕ್ರಗಳು ಗಿರಗಿರ ಸುತ್ತಿದವು, ಕೆಸರು ಗಾಜಿನವರೆಗೂ ಹಾರಿತು, ವ್ಯಾನು ಅಲ್ಲೇ ಕೆಳಗಿಳಿದು ಕೂತಿತು.

ಹಿಂದಿನ ಗಾಡಿಗಳ ಹಾರ್ನುಗಳೆಲ್ಲ ಒಟ್ಟಿಗೆ ಬಾಯಿ ಬಿಟ್ಟವು. "ನವಾಜಣ್ಣ ಹೂತ್ರು, ನವಾಜಣ್ಣ ಹೂತ್ರು" ಎಂದು ಯಾರೋ ಕುಣಿಯುತ್ತಿದ್ದರು. ನವಾಜನ ಕಿವಿ ಕೆಂಪಾಯಿತು. ಕನ್ನಡಿಯಲ್ಲಿ ನೋಡಿದರೆ ಚನ್ನಕೇಶವ ಗೌಡರೇ ಪ್ಯಾಂಟು ಮಡಚಿ, ಹೆಗಲ ಮೇಲೆ ಹಗ್ಗ ಹಾಕಿಕೊಂಡು ಕೆಸರಿಗೆ ಇಳಿಯುತ್ತಿದ್ದರು. ಅವನಿಗೆ ತಡೆಯಲಾಗಲಿಲ್ಲ. ಲಿವರಿಗೆ ಕೈ ಹಾಕಿದ. ಬುಷ್ರಾ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ," ಎಂದಳು. ಕಣ್ಣು ತುಂಬಿತ್ತು. "ಇದೊಂದ್ಸಲ ಅಷ್ಟೆ."

ಗೌಡರು ಮುಂದಿನ ಚಕ್ರದ ಬಳಿ ಬಗ್ಗಿ ನೋಡಿದರು. ಅದು ಕೂತಲ್ಲಿ ಅರ್ಧ ಸುತ್ತೂ ತಿರುಗಿದ ಗುರುತಿರಲಿಲ್ಲ. ಆಮೇಲೆ ಬಂದು ಕಿಟಕಿಯಲ್ಲಿ ತಲೆ ಹಾಕಿದರು. ಲಿವರನ್ನು ನೋಡಿದರು, ಅದರ ಮೇಲಿದ್ದ ಕೈಗಳನ್ನು ನೋಡಿದರು. ಬುಷ್ರಾ ತಲೆ ತಗ್ಗಿಸಿದಳು.

"ಕೇಶವಣ್ಣ, ಅದೂ..." ನವಾಜ್ ತಡವರಿಸಿದ.

ಗೌಡರು ಒಮ್ಮೆ ಹಿಂದೆ ತಿರುಗಿ, ಯಾರೂ ಹತ್ತಿರ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಕೈ ತೆಗಿ ಮಾರಾಯ. ಈಗ ಫೋರ್‌ವೀಲ್ ಹಾಕಿದ್ರೆ ಗಾಡಿ ತಾನೇ ಎದ್ದು ಬರುತ್ತೆ. ನಾನು ಹಗ್ಗ ಕಟ್ಟೋ ತನಕ ಅದನ್ನ ಮುಟ್ಬೇಡ."